ಒಳಚಿಲಕ

ಅಕ್ಕ ತಮ್ಮ ಇಬ್ಬರೂ ಸೇರಿ ಒಂದೇ ಮಾತು ಆಡಿದಾಗಲೇ ಚಿಕ್ಕತಾಯಮ್ಮನಿಗೆ ಅನುಮಾನ ಬಂದದ್ದು. ಹೆತ್ತವಳಿಗೆ ಗೊತ್ತಿಲ್ಲವೇ? ಶ್ವೇತ, ಸ್ವರೂಪ್ ಅಂದರೆ ಎಣ್ಣೆ ಸೀಗೆಕಾಯಿ. ಟಿ.ವಿ. ರಿಮೋಟಿನಿಂದ ಹಿಡಿದು ಹಾಲಿನ ಕೆನೆಯವರೆಗೆ ಎಲ್ಲಕ್ಕೂ ಜಗಳ. ಅಂಥವರು ದಸರಾ ರಜೆ ಶುರುವಾದ ದಿನ, ಅವಳು ಒಲೆ ಮುಂದೆ ಕೂತು ಮುದ್ದೆ ತೊಳಸುತ್ತಿದ್ದಾಗ, ಅಡಿಗೆಮನೆ ಬಾಗಿಲಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ಹಿತ್ತಲ ಬಚ್ಚಲುಮನೆ ಕೆಡವಿ ಹೊಸದು ಕಟ್ಟೋಣ ಅಂದರು. ಗಾರೆ ನಿಂಗಯ್ಯ ಗೋಡೆ ಎತ್ತಿಕೊಟ್ಟರೆ ಸಾಕು, ಕೂಲಿಯಾಳು ಬೇಡ, ಮಿಕ್ಕಿದ್ದನ್ನೆಲ್ಲ ನಾವೇ ಮಾಡುತ್ತೇವೆ ಅಂದರು. ಕಸಪೊರಕೆ ಮುಟ್ಟದ ಹುಡುಗ ಸಿಮೆಂಟು ಕಲೆಸುತ್ತಾನಂತೆ. ಚಿಕ್ಕತಾಯಮ್ಮ ಕೋಲು ಬಿಟ್ಟು ಇಬ್ಬರ ಮುಖವನ್ನೂ ನೋಡಿದಳು.

ಮಾತು ಸುಳ್ಳೇನಲ್ಲ. ಗಂಡ ಕೆಂಪಯ್ಯ ಮದುವೆಯ ವರ್ಷ ಕಟ್ಟಿಸಿದ್ದ ಬಚ್ಚಲು ಅದು. ಮಣ್ಣಿನ ಗೋಡೆ ಒಂದು ಕಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಎದೆಮಟ್ಟದ ತಗಡಿನ ಬಾಗಿಲು ತುಕ್ಕು ಹಿಡಿದು ಕೈಗೆ ಉದುರುತ್ತಿತ್ತು. ಆ ಬಾಗಿಲಿಗೆ ಚಿಲಕ ಅನ್ನುವುದು ಹುಟ್ಟಿದಾಗಿಂದ ಇರಲಿಲ್ಲ. ಸ್ನಾನಕ್ಕೆ ಹೋದವರು ತಮ್ಮ ಟವಲ್ಲನ್ನೋ ಸೀರೆಯನ್ನೋ ಬಾಗಿಲ ಮೇಲೆ ಇಳಿಬಿಟ್ಟರೆ ಒಳಗೆ ಆಳಿದೆ ಅಂತ ಅರ್ಥ. ಬಟ್ಟೆ ಕಂಡರೆ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ಬಂಡೂರಿನ ತವರಲ್ಲೂ ಹಾಗೇ, ಕೊಪ್ಪದ ಈ ಅತ್ತೆಮನೆಯಲ್ಲೂ ಹಾಗೇ. ನಲವತ್ತು ವರ್ಷ ಒಂದು ತುಂಡು ಬಟ್ಟೆ ಅವಳ ಮಾನ ಕಾದಿತ್ತು, ಅದರ ಬಗ್ಗೆ ಅವಳು ಯೋಚನೆ ಮಾಡಿದವಳೇ ಅಲ್ಲ.

ಸರಿ, ಹೊಸದು ಅಂದರೆ ಹೇಗಿರಬೇಕು ಅಂತ ಕೇಳಿದಳು. ಬಾಗಿಲು ಮೇಲಿನ ತನಕ ಇರಬೇಕು, ಒಳಗಡೆ ಚಿಲಕ ಇರಬೇಕು ಅಂದಳು ಶ್ವೇತ. ಟೈಲ್ಸ್ ಬೇಡವೇ, ಬಣ್ಣ ಬೇಡವೇ ಅಂದರೆ, ಅದೆಲ್ಲ ಆಮೇಲೆ ನೋಡೋಣ, ಚಿಲಕ ಮೊದಲು ಅಂದಳು. ಹಬ್ಬಕ್ಕೆ ಒಂದು ಬಟ್ಟೆ ಬೇಕು ಅಂತಲೂ ಬಾಯಿಬಿಟ್ಟು ಕೇಳದ ಹುಡುಗಿ ಚಿಲಕಕ್ಕೆ ಇಷ್ಟು ಹಠ ಹಿಡಿದದ್ದು ಚಿಕ್ಕತಾಯಮ್ಮನ ತಲೆಗೆ ಹುಳ ಬಿಟ್ಟಂತಾಯಿತು.

ಹುಳ ಬಿಡುವುದಕ್ಕೆ ಬೇರೆ ಕಾರಣಗಳೂ ಇದ್ದವು. ಶ್ವೇತ ಮದ್ದೂರಿನಲ್ಲಿ ಎರಡನೇ ಪಿಯುಸಿ. ಕೆಲವು ತಿಂಗಳಿಂದ ಹೆಚ್ಚುಕಮ್ಮಿ ವಾರಕ್ಕೊಂದು ದಿನ ಕೋಳಿ ಕೂಗುವ ಮುಂಚೆ ಎದ್ದು, ಬ್ಯಾಗು ಹಿಡಿದು, ಸ್ಪೆಷಲ್ ಕ್ಲಾಸು ಅಂತ ಹೇಳಿ ಹೊರಟುಬಿಡುತ್ತಿದ್ದಳು. ಹತ್ತನೇ ಕ್ಲಾಸಿನ ಸ್ವರೂಪ್ ಆಗಾಗ ಬೆಳಿಗ್ಗೆ ಹಿತ್ತಲಲ್ಲಿ ಒಂದು ಗಂಟೆ ಸೈಕಲ್ ತೊಳೆಯುತ್ತಿದ್ದ. ಅದು ಹೊಳೆಯುವುದೂ ಇಲ್ಲ, ಅವನು ಬಿಡುವುದೂ ಇಲ್ಲ. ಹತ್ತಿರ ಹೋಗಿ ಏನ್ಲಾ ಅಂದರೆ ಏನೂ ಇಲ್ಲ ಅನ್ನುತ್ತಿದ್ದ. ಎರಡೂ ಸೇರಿಕೊಂಡು ಏನೋ ಮುಚ್ಚಿಡುತ್ತಿವೆ ಅನ್ನುವುದು ಅವಳಿಗೆ ಖಾತ್ರಿಯಾಗಿತ್ತು. ಏನು ಅನ್ನುವುದು ಮಾತ್ರ ಗೊತ್ತಾಗಿರಲಿಲ್ಲ.

ಇಂಥ ಹೊತ್ತಲ್ಲಿ ಅವಳು ಫೋನ್ ಮಾಡುತ್ತಿದ್ದದ್ದು ಒಬ್ಬನಿಗೇ, ತಮ್ಮ ಪುಟ್ಟರಾಜುವಿಗೆ. ಮೂರು ವರ್ಷದ ಹಿಂದೆ ಕೆಂಪಯ್ಯ ಗದ್ದೆ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಆಗಿಂದ ಅವಳ ಒಂದೂವರೆ ಎಕರೆ ಕಬ್ಬಿಗೆ ಕಟಾವಿನ ಆಳು ಹೊಂದಿಸುವುದು, ಕಾರ್ಖಾನೆಗೆ ಓಡಾಡುವುದು, ಲಾರಿ ತರಿಸುವುದು ಎಲ್ಲ ಪುಟ್ಟರಾಜುವೇ. ಬಂಡೂರಿನಲ್ಲಿ ಕುರಿ ವ್ಯಾಪಾರ ಅವನಿಗೆ. ಪ್ರತಿ ಮಂಗಳವಾರ ಮದ್ದೂರಿನ ಕೆಲಸ ಮುಗಿಸಿ ಸಂಜೆಗೆ ಅಕ್ಕನ ಮನೆಗೆ ಬಂದು, ಉಂಡು ಮಲಗಿ, ಬುಧವಾರ ಮಧ್ಯಾಹ್ನದ ಹೊತ್ತಿಗೆ ಹೊರಡುತ್ತಿದ್ದ. ಊರವರೆಲ್ಲ, ತಮ್ಮ ಅಂದರೆ ಇಂಥವನು ಇರಬೇಕು ಅನ್ನುತ್ತಿದ್ದರು. ಅವಳೂ ದಿನಾ ದೀಪ ಹಚ್ಚುವಾಗ ಅವನ ಹೆಸರು ಸೇರಿಸಿಯೇ ಕೈ ಮುಗಿಯುತ್ತಿದ್ದಳು.

ಚಿಲಕದ ವಿಷಯ ಕೇಳಿ ಅವನು ಫೋನಿನಲ್ಲೇ ನಕ್ಕ.

"ಒಳಚಿಲಕ ಯಾಕಕ್ಕ? ಫೋನಿಗೆ ಕಣಕ್ಕ. ಮನೇಲಿ ನೀನು ಕಣ್ಣು ಮಡಗಿರ್ತೀಯ, ಬಚ್ಚಲಲ್ಲಿ ಯಾರಿದ್ದಾರು? ಹೆಣ್ಣುಡುಗಿ ಬಾಗ್ಲು ಹಾಕ್ಕಂಡು ಕೂತ್ಕಳದ ಕಲಿತ್ರೆ ಮನೆ ಎಲ್ಡಾಯ್ತದೆ. ಆಮೇಲೆ ಹೊಗೆ ತುಂಬಿ ಎಚ್ಚರ ತಪ್ಪಿ ಬಿದ್ರೆ ಯಾರ್ ತೆಗೀತಾರೆ ಬಾಗ್ಲ?"

ಮಾತು ಸರಿ ಅನ್ನಿಸಿತು. ಹಂಡೆ ಒಲೆಯ ಹೊಗೆ ಅವಳಿಗೆ ಗೊತ್ತಿಲ್ಲದ್ದೇ? ಜೊತೆಗೇ ಅವನು ಮಳವಳ್ಳಿಯ ಗಂಡಿನ ಮಾತನ್ನೂ ಎತ್ತಿದ. ದಿನಸಿ ಅಂಗಡಿಯವರು, ಒಬ್ಬನೇ ಮಗ. ಹುಡುಗಿಗೆ ಫೆಬ್ರವರಿಗೆ ಹದಿನೆಂಟು ತುಂಬುತ್ತದೆ, ಪರೀಕ್ಷೆ ಮುಗಿದ ಮೇಲೆ ಧಾರೆ ಎರೆದುಬಿಡೋಣ, ಕಾಲೇಜು ಗೀಲೇಜು ಅಂತ ಬಿಟ್ಟರೆ ಕೈ ತಪ್ಪಿ ಹೋಗುತ್ತಾಳೆ ಅಂದ. ಶ್ವೇತಳಿಗೆ ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ಓದುವ ಆಸೆ. ಒಮ್ಮೆ ಶಾಲೆಯಿಂದ ಅಲ್ಲಿಗೆ ಹೋಗಿ ಬಂದವಳು ಇವತ್ತಿಗೂ ಅಲ್ಲಿನ ಭತ್ತದ ತಾಕುಗಳ ಮಾತನ್ನೇ ಆಡುತ್ತಿದ್ದಳು. ದೀಪಾವಳಿ ಕಳೆಯಲಿ, ಆಮೇಲೆ ಗಂಡಿನ ಕಡೆಯವರಿಗೆ ಮಾತು ಕೊಡೋಣ ಅಂತ ಚಿಕ್ಕತಾಯಮ್ಮ ಫೋನ್ ಇಟ್ಟಳು. ಹುಡುಗಿ ದಾರಿ ತಪ್ಪಿಲ್ಲ ಅಂತ ಗೊತ್ತಾದರೆ ಓದಿಸುವುದು, ಇಲ್ಲದಿದ್ದರೆ ಮಳವಳ್ಳಿಗೆ ಕೊಡುವುದು. ಹೀಗಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಳು.

ಬಚ್ಚಲು ಕೆಡವುವ ಕೆಲಸ ಶುರುವಾಯಿತು. ಅದೊಂದು ನಾಲ್ಕೈದು ದಿನ ಮನೆಯಲ್ಲಿ ಹಬ್ಬವೇ. ಸ್ವರೂಪ್ ಹಾರೆ ಹಾಕಿ ಗೋಡೆ ಕೆಡವಿದ, ಶ್ವೇತ ಸೊಂಟಕ್ಕೆ ದುಪ್ಪಟ ಬಿಗಿದು ಮರಳು ಜರಡಿ ಹಿಡಿದಳು, ಚಿಕ್ಕತಾಯಮ್ಮ ಹಸು ಕರೆದು ಡೈರಿಗೆ ಹಾಲು ಹಾಕಿ ಬಂದು ಇಟ್ಟಿಗೆ ಎತ್ತಿಕೊಟ್ಟಳು. ನಿಂಗಯ್ಯ ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಗೋಡೆ ಎತ್ತಿದ. ಶ್ವೇತ ತೂಗುಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ, ತಾತ, ನಿಮ್ಮ ಗೋಡೆ ಎಡಕ್ಕೆ ವಾಲಿದೆ ಅಂದಾಗ, ಐವತ್ತು ವರ್ಷ ಗಾರೆ ಹಿಡಿದ ಮುದುಕ ಬಂದು ನೋಡಿ, ಹೌದು ಕಣಮ್ಮ ಅಂತ ಎರಡು ಸಾಲು ಇಟ್ಟಿಗೆ ಬಿಚ್ಚಿ ಮತ್ತೆ ಕಟ್ಟಿದ. ಸಂಜೆ ಹಸಿ ಗೋಡೆಗೆ ನೀರು ಹೊಡೆಯುವಾಗ ಮಕ್ಕಳು ಒಬ್ಬರಿಗೊಬ್ಬರು ಎರಚಿಕೊಂಡರು, ಅವ್ವನಿಗೂ ಎರಚಿದರು. ಕೆಂಪಯ್ಯ ಹೋದ ಮೇಲೆ ಹಿತ್ತಲಲ್ಲಿ ಅಷ್ಟು ನಗು ಕೇಳಿದ್ದು ಅದೇ ಮೊದಲು. ಅವಳಿಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು, ಅನುಮಾನವೆಲ್ಲ ಮರೆತೇ ಹೋಗಿತ್ತು.

ಮರೆತದ್ದು ಒಂದೇ ರಾತ್ರಿ. ಮಾರನೇ ದಿನ ಒಗೆಯುವ ಬಟ್ಟೆಗೆಂದು ಶ್ವೇತಳ ಕಾಲೇಜು ಬ್ಯಾಗು ಕೊಡವಿದಾಗ ಪೇಪರಿನಲ್ಲಿ ಸುತ್ತಿದ ಗಟ್ಟಿ ವಸ್ತುವೊಂದು ಕೈಗೆ ಸಿಕ್ಕಿತು. ಬಿಚ್ಚಿ ನೋಡಿದರೆ ಚಿಲಕ. ಹೊಳೆಯುವ ಸ್ಟೀಲಿನ, ಗೇಣುದ್ದದ ಹೊಸ ಚಿಲಕ, ಜೊತೆಗೆ ಆರು ಸ್ಕ್ರೂ. ಅಂಗಡಿ ಚೀಟಿಯೂ ಇತ್ತು. ಅದರ ಮೇಲಿನ ತಾರೀಕು ಆಗಸ್ಟಿನದು. ಅಂದರೆ ಬಚ್ಚಲು ಕೆಡವೋಣ ಅನ್ನುವ ಎರಡು ತಿಂಗಳ ಮುಂಚೆಯೇ ಈ ಹುಡುಗಿ ಚಿಲಕ ಕೊಂಡು, ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದ್ದಾಳೆ.

ಚಿಕ್ಕತಾಯಮ್ಮ ಯಾರಿಗೂ ಹೇಳದೆ ಅದನ್ನು ರಾಗಿ ಡ್ರಮ್ಮಿನೊಳಗೆ ಮೊಣಕೈತನಕ ತೂರಿಸಿ ಹೂತಿಟ್ಟಳು. ಮಗಳು ಬಂದು ಕೇಳಲಿ, ಆಗ ಬಾಯಿ ಬಿಡಿಸೋಣ ಅಂತ ಕಾದಳು. ಶ್ವೇತ ಬ್ಯಾಗು ತಡಕಿದಳು, ಹಾಸಿಗೆ ಕೊಡವಿದಳು, ತಮ್ಮನನ್ನು ಮೂಲೆಗೆ ಕರೆದು ಗುಸುಗುಸು ಮಾತಾಡಿದಳು. ಅವ್ವನನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ಕಳೆದುಕೊಂಡವರು ಕೇಳುವುದಿಲ್ಲ ಅಂದರೆ ಅದರ ಅರ್ಥವೇನು? ಚಿಕ್ಕತಾಯಮ್ಮನಿಗೆ ಇದ್ದ ಅನುಮಾನ ಎರಡರಷ್ಟಾಯಿತು.

ಬಾಗಿಲು ಕೂರಿಸುವ ದಿನ ಅದು ಬಾಯಿಗೆ ಬಂದೇಬಿಟ್ಟಿತು. ಮದ್ದೂರಿನಿಂದ ತಂದ ಪ್ಲಾಸ್ಟಿಕ್ ಬಾಗಿಲು ಚೌಕಟ್ಟಿಗೆ ಸರಿಯಾಗಿ, ಮೇಲಿನ ತನಕ ಕೂತಿತ್ತು. ಹಾಗಾದರೆ ಬಟ್ಟೆ ಎಲ್ಲಿ ಹಾಕುವುದು ಅಂತ ಚಿಕ್ಕತಾಯಮ್ಮ ತಗಾದೆ ತೆಗೆದಳು. ಮೇಲ್ಗಡೆ ನಾಲ್ಕು ಬೆರಳು ಕುಯ್ಯಿ ಅಂತ ನಿಂಗಯ್ಯನಿಗೆ ಹೇಳಿದಳು. ನಿಂಗಯ್ಯ ಗರಗಸ ಹಿಡಿದು ಸುಮ್ಮನೆ ನಿಂತ. ಈಚೆಗೆ ತಾನು ಕಟ್ಟಿದ ಮನೆಗಳಲ್ಲೆಲ್ಲ ಹೆಣ್ಣುಮಕ್ಕಳು ಮೊದಲು ಕೇಳುವುದೇ ಚಿಲಕ, ಅದರಲ್ಲಿ ತಪ್ಪೇನು ಕಣವ್ವ ಅಂದು ನೋಡಿದ. ನಮ್ಮ ಮನೆ ವಿಚಾರ ನಮಗೆ ಬಿಡು ಅಂದಳು ಅವಳು. ಶ್ವೇತಳ ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತು.

"ಚಿಲಕ ಇಲ್ದೆ ಈ ಬಾಗಿಲು ಯಾಕವ್ವ?"

"ಒಳಗೆ ಬೋಲ್ಟ್ ಹಾಕ್ಕಂಡು ಏನೇ ಮಾಡ್ತೀಯ?"

"ಸ್ನಾನ ಮಾಡ್ತೀನಿ."

ಮುಂದೆ ಏನನ್ನೋ ಹೇಳುವುದಕ್ಕೆ ಬಾಯಿ ತೆರೆದವಳು ತಮ್ಮನ ಕಡೆ ನೋಡಿ ಮುಚ್ಚಿಕೊಂಡಳು. ಸ್ವರೂಪ್ ಕೈಯಲ್ಲಿದ್ದ ಗಾರೆ ಬಳಿಯುವ ಕರಣೆಯನ್ನು ಬಾಂಡ್ಲಿಗೆ ಎಸೆದು ಬೀದಿ ಕಡೆ ಹೊರಟುಹೋದ. ನಿಂಗಯ್ಯ ನಾಲ್ಕು ಬೆರಳು ಕುಯ್ದ. ಚಿಕ್ಕತಾಯಮ್ಮ ತನ್ನದೇ ಸೆರಗನ್ನು ಆ ಸಂದಿಗೆ ಇಳಿಬಿಟ್ಟು, ನೋಡಿ, ಹೀಗೆ ಹಾಕಿದರೆ ಯಾರು ಬರುತ್ತಾರೆ ಅಂತ ತೋರಿಸಿದಳು. ಯಾರೂ ನೋಡಲಿಲ್ಲ.

ಹಾಗೆ ತೋರಿಸುವಾಗ ಅವಳಿಗೆ ಎರಡು ವರ್ಷದ ಹಿಂದಿನ ಒಂದು ರಂಪ ನೆನಪಾಗದೆ ಇರಲಿಲ್ಲ. ಒಂದು ಬೆಳಿಗ್ಗೆ ಶ್ವೇತ ಬಚ್ಚಲಿನಿಂದ ಚೀರಿಕೊಂಡಿದ್ದಳು. ಪುಟ್ಟರಾಜು ಗೊತ್ತಿಲ್ಲದೆ ಬಾಗಿಲು ತಳ್ಳಿದ್ದನಂತೆ. ಬಟ್ಟೆ ಇರಲಿಲ್ಲ ಕಣಕ್ಕ ಅಂದಿದ್ದ ಅವನು. ಹಾಕಿದ್ದೆ ಅಂತ ಅತ್ತಿದ್ದಳು ಶ್ವೇತ. ಚಿಕ್ಕತಾಯಮ್ಮ ಹೋಗಿ ಕಣ್ಣಾರೆ ನೋಡಿದ್ದಳು. ಟವಲ್ಲು ಬಾಗಿಲ ಮೇಲಿರಲಿಲ್ಲ, ಪಕ್ಕದ ಒಗೆಯುವ ಕಲ್ಲಿನ ಮೇಲೆ ನಾಲ್ಕು ಮಡಿಕೆಯಾಗಿ ಕೂತಿತ್ತು. ಮರೆತು ಕಲ್ಲ ಮೇಲಿಟ್ಟು ಹೋಗಿ ಈಗ ಮಾವನ ಮೇಲೆ ಗೂಬೆ ಕೂರಿಸುತ್ತೀಯಾ, ಬೆಳೆದ ಹುಡುಗಿಗೆ ಅಷ್ಟು ಗ್ಯಾನ ಬೇಡವಾ ಅಂತ ಮಗಳಿಗೇ ಉಗಿದಿದ್ದಳು. ಆ ಮೇಲೆ ಆ ಮಾತು ಮನೆಯಲ್ಲಿ ಎದ್ದಿರಲಿಲ್ಲ.

ಮಂಗಳವಾರ ಸಂಜೆ ಪುಟ್ಟರಾಜು ಬಂದ. ಹೊಸ ಬಚ್ಚಲಿಗೆ ಒಂದು ಸುತ್ತು ಬಂದು, ಬಾಗಿಲು ತಳ್ಳಿ ನೋಡಿ, ಅಕ್ಕ ಬುದ್ಧಿವಂತೆ, ಚಿಲಕ ಹಾಕಿಸಲಿಲ್ಲ ಅಂತ ಹೊಗಳಿದ. ಊಟಕ್ಕೆ ಕೂತಾಗ ಎಂದಿನ ತಮಾಷೆಯೂ ನಡೆಯಿತು. ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳ ಜೊತೆ ತಮಾಷೆ ಮಾಡುವ ಸಲುಗೆ ಉಂಟು, ವರಸೆ ಅಂತಾರೆ ಅದಕ್ಕೆ. ಮದುವೆಯಾಗಿ ಮಗುವಿದ್ದರೂ ಪುಟ್ಟರಾಜು ಅದನ್ನು ಬಿಟ್ಟವನಲ್ಲ. ನನ್ನ ಎರಡನೇ ಹೆಂಡತಿ ಮುದ್ದೆ ಚೆನ್ನಾಗಿ ಕಟ್ಟಿದ್ದಾಳೆ ಅಂದ. ಚಿಕ್ಕತಾಯಮ್ಮ ನಕ್ಕಳು. ಇಂಥ ಮಾತಿಗೆ ಅವಳ ಅವ್ವ ನಕ್ಕಿದ್ದಳು, ಅಜ್ಜಿ ನಕ್ಕಿದ್ದಳು. ಶ್ವೇತ ಅರ್ಧ ತಟ್ಟೆ ಬಿಟ್ಟು ಎದ್ದು ಹೋದಳು. ಮಾವನ ಮುಂದೆ ಈ ಬಿಂಕ ಯಾಕೆ ಅಂತ ಅವಳನ್ನೇ ಗದರಿಸಿದ್ದಾಯಿತು.

ಬುಧವಾರ ಇನ್ನೂ ಬೆಳಕು ಹರಿಯುತ್ತಿದ್ದಾಗ ಹಿತ್ತಲ ಬಾಗಿಲು ಕಿರುಗುಟ್ಟಿತು. ಚಿಕ್ಕತಾಯಮ್ಮ ಕಣ್ಣು ಬಿಟ್ಟರೆ ಮಗಳ ಚಾಪೆ ಖಾಲಿ. ರಜೆಯಲ್ಲಿ ಎಲ್ಲಿಯ ಸ್ಪೆಷಲ್ ಕ್ಲಾಸು? ಇವತ್ತು ಹಿಡಿದೇ ಬಿಡುತ್ತೇನೆ ಅಂತ ಸೆರಗು ಬಿಗಿದು ಹಿಂದೆಯೇ ಹೋದಳು. ಶ್ವೇತ ಎರಡು ಬೀದಿ ದಾಟಿ ಗೆಳತಿ ರಂಜಿತಳ ಮನೆ ಹೊಕ್ಕಳು. ಮರೆಯಲ್ಲಿ ನಿಂತ ಚಿಕ್ಕತಾಯಮ್ಮನಿಗೆ ಆ ಮನೆಯ ಬಚ್ಚಲಲ್ಲಿ ದೀಪ ಹತ್ತಿದ್ದು ಕಂಡಿತು, ಚಿಲಕ ಬಿದ್ದ ಸದ್ದು ಕೇಳಿತು, ಆಮೇಲೆ ನೀರು ಸುರಿಯುವ ಸದ್ದು. ತಮ್ಮ ಮನೆಯಲ್ಲಿ ಗಾರೆಯ ವಾಸನೆಯೂ ಆರದ ಬಚ್ಚಲಿರುವಾಗ ಈ ಹುಡುಗಿ ಊರವರ ಮನೆಯಲ್ಲಿ ಸ್ನಾನ ಮಾಡುತ್ತಿದ್ದಾಳೆ. ರಂಜಿತಳಿಗೆ ಒಬ್ಬ ಅಣ್ಣನಿದ್ದಾನೆ ಅನ್ನುವುದು ಆಗಲೇ ನೆನಪಾಗಬೇಕೇ? ಒಳಗೆ ನುಗ್ಗಿ ಎಳೆದುಕೊಂಡು ಬರಲು ಕಾಲು ಮುಂದಾಯಿತು. ಆದರೆ ಬೀದಿಯಲ್ಲಿ ಬಾಯಿ ಬಿಟ್ಟರೆ ತನ್ನದೇ ಮರ್ಯಾದೆ. ಮೊದಲು ಒಂದು ಗುರುತು ಸಿಗಲಿ, ಆಮೇಲೆ ಇವತ್ತೇ ಮಳವಳ್ಳಿಯವರಿಗೆ ಮಾತು ಕೊಡುತ್ತೇನೆ ಅಂತ ಹಲ್ಲು ಕಚ್ಚಿ ವಾಪಸು ಬಂದಳು.

ಗುರುತು ಅಂದರೆ ಬಚ್ಚಲಲ್ಲೇ ಇರಬೇಕು. ಚಿಲಕಕ್ಕೆ ಅಷ್ಟು ಹಠ ಹಿಡಿದವಳು ಅಲ್ಲೇ ಏನೋ ಬಚ್ಚಿಟ್ಟಿರಬೇಕು. ಅವಳು ಹಸು ಕರೆದುಕೊಟ್ಟ ಮೇಲೆ ಸ್ವರೂಪ್ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದ. ಪುಟ್ಟರಾಜು ನಡುಮನೆಯಲ್ಲಿ ಮಲಗಿದ್ದ. ಚಿಕ್ಕತಾಯಮ್ಮ ಬಚ್ಚಲಿಗೆ ಹೋದಳು. ಹುಡುಕುವಾಗ ಯಾರೂ ಬರದಿರಲಿ ಅಂತ, ನಲವತ್ತು ವರ್ಷದ ಅಭ್ಯಾಸವಲ್ಲವೇ, ತಂತಿಯ ಮೇಲೆ ಕೈಗೆ ಸಿಕ್ಕಿದ ಟವಲ್ಲನ್ನು ಬಾಗಿಲ ಮೇಲೆ ಇಳಿಬಿಟ್ಟು ಒಳಗಿನಿಂದ ಮುಚ್ಚಿಕೊಂಡಳು. ಅದು ಶ್ವೇತಳ ನೇರಳೆ ಬಣ್ಣದ ಟವಲ್ಲು.

ಹಂಡೆಯ ಹಿಂದೆ ನೋಡಿದಳು, ಕಿಟಕಿಯ ಸಂದಿಗೆ ಬೆರಳು ಹಾಕಿ ನೋಡಿದಳು, ಸೌದೆ ಸರಿಸಿ ನೋಡಿದಳು. ಸೋಪಿನ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ಸೌದೆ ಮೂಲೆಯಲ್ಲಿ ಬಗ್ಗಿದ್ದಾಗ ಹೊರಗೆ ಹೆಜ್ಜೆ ಸದ್ದಾಯಿತು. ಬಟ್ಟೆ ಕಂಡು ತಿರುಗಿ ಹೋಗುತ್ತಾರೆ ಅಂದುಕೊಂಡಳು. ಹೆಜ್ಜೆ ಬಾಗಿಲ ಹತ್ತಿರ ಬಂದು ನಿಂತಿತು. ತಲೆಯೆತ್ತಿ ನೋಡಿದರೆ, ಬಾಗಿಲ ಒಳಗಡೆ ಜೋತಾಡುತ್ತಿದ್ದ ನೇರಳೆ ಟವಲ್ಲಿನ ತುದಿ ಮೆಲ್ಲಗೆ ಮೇಲಕ್ಕೆ ಸರಿಯುತ್ತಿತ್ತು. ಸದ್ದಿಲ್ಲದೆ, ಅವಸರವಿಲ್ಲದೆ, ಅಷ್ಟಷ್ಟೇ ಸರಿದು ಆ ನಾಲ್ಕು ಬೆರಳಿನ ಸಂದಿಯಿಂದ ಆಚೆ ಹೋಯಿತು. ಬಟ್ಟೆ ಕೊಡವಿ ಮಡಿಸುವ ಸದ್ದು ಕೇಳಿತು. ಆಮೇಲೆ ಬಾಗಿಲು ತೆರೆಯಿತು.

"ಬಟ್ಟೆ ಇರ್ಲಿಲ್ವಲ್ಲಾ ಅಂತ..." ಪುಟ್ಟರಾಜು ನಗುತ್ತಲೇ ಅಂದ. ಒಳಗೆ ಯಾರಿದ್ದಾರೆ ಅಂತ ಕಣ್ಣು ಕಾಣುವ ಮೊದಲೇ ಆ ಮಾತು ಅವನ ನಾಲಿಗೆ ಮೇಲೆ ಸಿದ್ಧವಾಗಿತ್ತು. ಅಕ್ಕನನ್ನು ಕಂಡದ್ದೇ ನಗು ಅಲ್ಲೇ ನಿಂತಿತು.

ಚಿಕ್ಕತಾಯಮ್ಮ ಅವನನ್ನು ದಾಟಿ ಆಚೆ ನೋಡಿದಳು. ಒಗೆಯುವ ಕಲ್ಲಿನ ಮೇಲೆ ಟವಲ್ಲು ನಾಲ್ಕು ಮಡಿಕೆಯಾಗಿ ಕೂತಿತ್ತು. ಎರಡು ವರ್ಷದ ಹಿಂದೆ ಕೂತಿದ್ದ ಹಾಗೇ, ಅದೇ ಜಾಗದಲ್ಲಿ. ಶ್ವೇತ ಹುಟ್ಟಿದಾಗಿಂದ ಒಂದು ಬಟ್ಟೆಯನ್ನಾದರೂ ಅಷ್ಟು ನೀಟಾಗಿ ಮಡಿಸಿದವಳಲ್ಲ. ಹೆತ್ತ ತಾಯಿಗೆ ಅದು ಅವತ್ತು ಹೊಳೆಯಲಿಲ್ಲ.

ಅವನು ತಡವರಿಸಿದ. ಕೈಕಾಲು ತೊಳೆಯೋಣ ಅಂತ ಬಂದೆ, ಬಾಗಿಲ ಮೇಲೆ ಬಟ್ಟೆ ಇರಲಿಲ್ಲ ಅಂತ ಮತ್ತೆ ಅದನ್ನೇ ಹೇಳಿದ.

"ಇತ್ತು ಕಣ್ಲಾ," ಅಂದಳು ಚಿಕ್ಕತಾಯಮ್ಮ. "ನಾನೇ ಹಾಕಿದ್ದೆ."

ಅವನು ಬೇರೆ ರಾಗ ಶುರು ಮಾಡಿದ. ವರಸೆಯವಳು, ತಮಾಷೆಗೆ ಹೆದರಿಸೋಣ ಅಂತ, ಅಷ್ಟಕ್ಕೇ ನೀನು ಹೀಗೆ ನೋಡಿದರೆ ಹೇಗೆ ಅಂದ. ಅವಳು ನೋಡುತ್ತಲೇ ಇದ್ದಳು. ತಮಾಷೆ ಫಲಿಸುವುದಿಲ್ಲ ಅಂತ ಕಂಡ ಮೇಲೆ ಅವನ ದನಿ ಬದಲಾಯಿತು.

"ನೋಡಕ್ಕ. ನಾನು ಈ ಹಟ್ಟಿ ಬಾಗ್ಲು ತುಳೀಲಿಲ್ಲ ಅಂದ್ರೆ ನಿನ್ ಕಬ್ಬು ಯಾರ್ ಕಡಿಸ್ತಾರೆ? ಗದ್ದೇಲೇ ನಿಂತು ಒಣಗ್ತದೆ."

"ಒಣಗ್ಲಿ. ನೀನು ಈಗ ಹೋಗು. ಅವ್ವಂಗೂ ನಿನ್ ಹೆಂಡ್ತಿಗೂ ನೀನೇನೂ ಹೇಳ್ಬೇಡ. ನಾನೇ ಫೋನ್ ಮಾಡಿ ಹೇಳ್ತೀನಿ, ನಡ್ದಿದ್ದು ನಡ್ದಂಗೆ."

ಅವನು ಬೈಕು ಹತ್ತಿ ಹೋದದ್ದನ್ನು ಅವಳು ನೋಡಲಿಲ್ಲ, ಸದ್ದು ಕೇಳಿದಳು. ಒಗೆಯುವ ಕಲ್ಲಿನ ಮೇಲೆ ಕೂತಳು. ಶ್ವೇತ ನಸುಕಿನಲ್ಲಿ ಎದ್ದು ಹೋಗುತ್ತಿದ್ದದ್ದು ಬುಧವಾರ. ಅವಳು ಹೋಗದೆ ಮನೆಯಲ್ಲೇ ಸ್ನಾನಕ್ಕಿಳಿದ ದಿನ ಸ್ವರೂಪ್ ಗಂಟೆಗಟ್ಟಲೆ ಸೈಕಲ್ ತೊಳೆಯುತ್ತಿದ್ದದ್ದೂ ಬುಧವಾರ. ಬಚ್ಚಲ ಬಾಗಿಲಿಗೆ ಎದುರಾಗಿ ಕೂತು, ಒಂದು ಬಕೆಟ್ ನೀರಿಗೆ ಒಂದು ಗಂಟೆ. ಅಯ್ಯೋ ನನ್ನ ಕಣ್ಣು ಇಂಗಿ ಹೋಗ ಅಂತ ಹಣೆ ಚಚ್ಚಿಕೊಂಡಳು. ಮನೆಯಲ್ಲಿ ಎಲ್ಲರ ಮೇಲೂ ಅನುಮಾನಪಟ್ಟಳು, ಅನುಮಾನ ಪಡಬೇಕಾದವನ ಹೆಸರಿನಲ್ಲಿ ದಿನಾ ದೀಪ ಹಚ್ಚಿದಳು.

ಮಕ್ಕಳು ಒಬ್ಬರ ಹಿಂದೆ ಒಬ್ಬರು ಬಂದರು. ಸ್ವರೂಪ್ ಖಾಲಿ ಕ್ಯಾನು ಹಿಡಿದು ಬಂದವನು ಮಾವನ ಬೈಕು ಇಲ್ಲದ್ದನ್ನು ನೋಡಿದ, ಅವ್ವನ ಮುಖ ನೋಡಿದ, ಅಲ್ಲೇ ನಿಂತ. ಶ್ವೇತ ಒದ್ದೆ ಕೂದಲು ಬೆನ್ನಿಗೆ ಬಿಟ್ಟುಕೊಂಡು ಹಿತ್ತಲಿಗೆ ಬಂದವಳು ಸಿಕ್ಕಿಬಿದ್ದೆ ಅಂತ ತಲೆ ತಗ್ಗಿಸಿದಳು. ಬೈಗುಳಕ್ಕೆ ಕಾದಿದ್ದ ಇಬ್ಬರನ್ನೂ ದಾಟಿ ಚಿಕ್ಕತಾಯಮ್ಮ ಅಡಿಗೆಮನೆಗೆ ಹೋದಳು. ರಾಗಿ ಡ್ರಮ್ಮಿಗೆ ಮೊಣಕೈತನಕ ಕೈ ತೂರಿಸಿ ಪೇಪರಿನ ಪೊಟ್ಟಣ ತೆಗೆದು, ಸೆರಗಿನಿಂದ ರಾಗಿ ಒರೆಸಿ ತಂದು ಮಗನ ಕೈಗಿಟ್ಟಳು. ಸ್ಕ್ರೂಡ್ರೈವರ್ ತೆಗೆದುಕೊಂಡು ಬಾ ಅಂದಳು.

ಶ್ವೇತ ಪೊಟ್ಟಣವನ್ನು ನೋಡಿದಳು, ಅವ್ವನನ್ನು ನೋಡಿದಳು.

"ನನ್ ಕೂಡ ಯಾಕವ್ವ ಹೇಳ್ಲಿಲ್ಲ?" ಅಂದಳು ಚಿಕ್ಕತಾಯಮ್ಮ.

ಉತ್ತರ ಕೊಟ್ಟವನು ಬಾಗಿಲಿಗೆ ಚಿಲಕ ಕೂರಿಸುತ್ತಿದ್ದ ಸ್ವರೂಪ್. ಸ್ಕ್ರೂ ಹಿಡಿದ ಕೈ ನಿಲ್ಲಿಸದೆ, ಮುಖ ತಿರುಗಿಸದೆ ಹೇಳಿದ. "ಒಂದ್ಸಲ ಹೇಳಿದ್ಲಲ್ಲವ್ವ. ನೀನು ನಂಬ್ಲಿಲ್ಲ. ಅದಕ್ಕೇ ಬಾಗ್ಲೇ ಮಾಡ್ಕಳಣ ಅಂತ."

ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ದೂರೂ ಇರಲಿಲ್ಲ. ಗೋಡೆ ಸೋರುತ್ತಿತ್ತು, ಅದಕ್ಕೇ ಗಾರೆ ಬಳಿದೆವು ಅನ್ನುವ ಹಾಗೆ ಹೇಳಿದ. ಚಿಕ್ಕತಾಯಮ್ಮನಿಗೆ ಅಳು ನುಗ್ಗಿ ಬಂತು. ಅತ್ತರೆ ಮಕ್ಕಳೇ ಸಮಾಧಾನ ಮಾಡಬೇಕಾಗುತ್ತದೆ, ಆ ಭಾರವೂ ಅವರ ಮೇಲೆ ಬೇಡ ಅಂತ ನುಂಗಿಕೊಂಡು ಬಾಗಿಲನ್ನು ಎರಡೂ ಕೈಯಿಂದ ಅಲುಗದ ಹಾಗೆ ಹಿಡಿದು ನಿಂತಳು. ಆರು ಸ್ಕ್ರೂ ಬಿಗಿದ ಮೇಲೆ ಒಂದು ಹಲಗೆಯ ಚೂರು ಹುಡುಕಿ ತಂದು, ಮೇಲಿನ ನಾಲ್ಕು ಬೆರಳಿನ ಸಂದಿಗೆ ತಾನೇ ಅಳತೆ ಹಿಡಿದಳು. ಹಲಗೆ ಸ್ವಲ್ಪ ಸೊಟ್ಟಗೆ ಕೂತಿತು. ತೂಗುಗುಂಡು ತರಲಾ ಅಂತ ಸ್ವರೂಪ್ ಕೇಳಿದ. ಇರಲಿ ಬಿಡು ಅಂದಳು ಶ್ವೇತ, ಅವಳ ಮುಖದಲ್ಲಿ ಒಂದಿಷ್ಟು ನಗು ಕಂಡಿತು.

ಮಧ್ಯಾಹ್ನ ಚಿಕ್ಕತಾಯಮ್ಮ ಬಂಡೂರಿಗೆ ಫೋನ್ ಮಾಡಿದಳು. ಅವಳ ಅವ್ವ ಮೊದಲು ನಕ್ಕಳು, ಆಮೇಲೆ ಬೈದಳು, ಆಮೇಲೆ ಸುಮ್ಮನಾದಳು. ಪುಟ್ಟರಾಜುವಿನ 'ತಮಾಷೆ'ಯನ್ನು ಅವನ ಹೆಂಡತಿಗೆ ಹೇಳಿದಾಗ ಆಕೆ ಒಂದೇ ಒಂದು ಮಾತಾಡಿದಳು, ನನ್ನ ತಂಗಿಯೂ ಇದನ್ನೇ ಹೇಳಿದ್ದಳು ಅತ್ತಿಗೆ ಅಂತ. ಮಳವಳ್ಳಿಯವರಿಗೂ ಫೋನ್ ಹೋಯಿತು, ಹುಡುಗಿ ಓದುತ್ತಾಳೆ ಅಂತ. ಸಂಜೆ ಅವಳು ಕೆಂಪಯ್ಯನ ಹಳೇ ಪಾಸ್‌ಪುಸ್ತಕ, ಕಬ್ಬಿನ ಒಪ್ಪಿಗೆ ಪತ್ರ ಎಲ್ಲ ಒಂದು ಚೀಲಕ್ಕೆ ಹಾಕಿ ಬಾಗಿಲ ಹಿಂದೆ ತಗುಲಿ ಹಾಕಿದಳು. ನಾಳೆ ಕಾರ್ಖಾನೆಗೆ ಯಾವ ಬಸ್ಸು ಹೋಗುತ್ತದೆ ಅಂತ ಸ್ವರೂಪ್‌ನನ್ನು ಕೇಳಿದಳು. ಮೂರು ವರ್ಷದಲ್ಲಿ ಆ ದಾರಿಯನ್ನೂ ಅವಳು ತಿಳಿದುಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಶ್ವೇತ ಹಂಡೆಗೆ ನೀರು ತುಂಬಿ ಒಲೆ ಹಚ್ಚಿದಳು. ನೇರಳೆ ಟವಲ್ಲನ್ನು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದಳು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದಾಯಿತು. ತಕ್ಷಣ ತೆಗೆದ ಸದ್ದು, ಮತ್ತೆ ಹಾಕಿದ ಸದ್ದು. ಗಟ್ಟಿಯಾಗಿದೆಯೋ ಇಲ್ಲವೋ ಅಂತ ಹುಡುಗಿ ನೋಡುತ್ತಿದ್ದಾಳೆ ಅಂತ ಗೊತ್ತಾಯಿತು ಚಿಕ್ಕತಾಯಮ್ಮನಿಗೆ. ಆಮೇಲೆ ನೀರಿನ ಸದ್ದು ಶುರುವಾಯಿತು.

ಬಸ್ಸಿಗೆ ಹೊತ್ತಾಗುತ್ತಿತ್ತು. ಚೀಲ ಹೆಗಲಿಗೇರಿಸಿಕೊಂಡು ಹೊರಟವಳು ಹಿತ್ತಲಿಗೆ ಬಂದು, ಮುಚ್ಚಿದ ಬಾಗಿಲ ಮುಂದೆ ನಿಂತಳು. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಕೇಳಬೇಕಾಗಿದ್ದ ಮಾತು ಈಗ ಬಾಯಿಗೆ ಬಂತು.

"ಶ್ವೇತ, ಅವತ್ತೂ ಬಟ್ಟೆ ಇತ್ತಾ ಮಗಳೇ?"

ಒಳಗೆ ನೀರಿನ ಸದ್ದು ನಿಂತಿತು.

"ಇತ್ತು ಕಣವ್ವ."